ಈಡು ಯಾರದು

ಆಯನೂರಿನ ಸುತ್ತಿನಲ್ಲಿ ಹಂದಿ ಬೇಟೆಗೆ ಹೊರಟರೆ ಯಾರು ಎಲ್ಲಿ ಕೂರಬೇಕೆಂದು ಹೇಳುವವನು ಪುಟ್ಟಯ್ಯ. ಇಪ್ಪತ್ತೆರಡು ವರ್ಷದಿಂದ ಅದು ಹಾಗೇ ನಡೆದುಕೊಂಡು ಬಂದಿತ್ತು. ಆ ಅಧಿಕಾರವನ್ನು ಯಾರೂ ಅವನಿಗೆ ಕೊಟ್ಟದ್ದಲ್ಲ. ಮೊದಲು ಹೇಳುತ್ತಿದ್ದ ಮುದುಕ ತೀರಿಕೊಂಡ ಮೇಲೆ ಮುಂದಿನ ಬೇಟೆಯ ದಿನ ಎಲ್ಲರೂ ಸುಮ್ಮನೆ ಪುಟ್ಟಯ್ಯನ ಮುಖ ನೋಡಿದ್ದರು, ಅಷ್ಟೇ.

ಕೋವಿಯವರು ಕಾದು ಕೂರುವ ಜಾಗಕ್ಕೆ ಆ ಕಡೆ ಬಿಲ್ಲು ಎನ್ನುತ್ತಾರೆ. ಪುಟ್ಟಯ್ಯ ಮೊದಲು ಒಬ್ಬನೇ ಗುಡ್ಡ ಸುತ್ತಿ, ಹೆಜ್ಜೆ ನೋಡಿ, ಗಾಳಿ ನೋಡಿ, ಆಮೇಲೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಬಿಲ್ಲಿಗೆ ಕೂರಿಸುತ್ತಿದ್ದ. ಕೂರಿಸುವಾಗ ಎಂಥ ಹಳೆಯ ಬೇಟೆಗಾರನಿಗೂ ಅದೇ ಮಾತನ್ನು ಮತ್ತೆ ಹೇಳುತ್ತಿದ್ದ.

"ಅಲ್ಲಾಡಿದ್ದಕ್ಕೆ ಹೊಡೀಬೇಡ, ಕಂಡಿದ್ದಕ್ಕೆ ಹೊಡಿ. ಹಳು ನುಗ್ಗೋರು ಬರೋ ಕಡೆ ಕೋವಿ ಮೂತಿ ತಿರುಗಿಸ್ಬೇಡ. ನಾನು ಕೂಗೋ ತನಕ ಏಳ್ಬೇಡ."

ಹಳು ನುಗ್ಗುವವರೆಂದರೆ ಕಾಡಿನ ಆ ತುದಿಯಿಂದ ಪೊದೆ ಬಡಿಯುತ್ತ, ಕೂಗು ಹಾಕುತ್ತ, ಪ್ರಾಣಿಯನ್ನು ಎಬ್ಬಿಸಿಕೊಂಡು ಕೋವಿಗಳ ಎದುರಿಗೇ ನಡೆದು ಬರುವವರು. ಅವರ ಕೈಯಲ್ಲಿ ಒಂದು ದೊಣ್ಣೆ ಇರುತ್ತಿತ್ತು, ಬೇರೇನೂ ಇರುತ್ತಿರಲಿಲ್ಲ.

ಪುಟ್ಟಯ್ಯ ಇನ್ನೊಂದು ಕಾರಣಕ್ಕೂ ಹೆಸರಾಗಿದ್ದ. ಹಂದಿ ಬಿದ್ದ ಮೇಲೆ ಮೊದಲು ಬರುವ ಪ್ರಶ್ನೆ, ಈಡು ಯಾರದು, ಅಂದರೆ ತಾಗಿದ ಗುಂಡು ಯಾರದು ಎಂದು. ಯಾರ ಈಡಿಗೆ ಬಿತ್ತೋ ಅವರಿಗೆ ತಲೆ ಮತ್ತು ಒಂದು ತೊಡೆ. ಬೇರೆ ಊರುಗಳಲ್ಲಿ ಇದೇ ಪ್ರಶ್ನೆಗೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಪುಟ್ಟಯ್ಯ ಮಾತ್ರ ತನ್ನ ಗುಂಡೇ ತಾಗಿದ್ದರೂ, ಪಕ್ಕದವನು ವಯಸ್ಸಿನಲ್ಲಿ ಚಿಕ್ಕವನಾಗಿದ್ದರೆ, "ಅವನ್ದು" ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ.

ಆ ವರ್ಷ, ಅಂದರೆ ಮೂವತ್ತೇಳನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ, ಹಾಲಸ್ವಾಮಿಯವರ ಕಬ್ಬಿನ ಗದ್ದೆಗೆ ಹಂದಿ ಬೀಳತೊಡಗಿದವು. ಹಾಲಸ್ವಾಮಿ ಲಿಂಗ ಕಟ್ಟಿದವರು, ಮಾಂಸದ ಹೆಸರನ್ನೂ ಬಾಯಲ್ಲಿ ಆಡುವವರಲ್ಲ. ಆದರೂ ಅವರೇ ಪುಟ್ಟಯ್ಯನ ಜಗಲಿಯವರೆಗೆ ಬಂದು, "ನನ್ನ ಗದ್ದೇಲಿ ಏನೂ ಸತ್ತು ಬೀಳ್ದ ಹಾಗೆ ನೋಡ್ಕೊಳ್ಳಿ ಮಾರಾಯ್ರೆ. ಗುಡ್ಡದ ಕಡೆ ಎಬ್ಬಿಸ್ಕೊಂಡು ಹೋಗಿ, ಅಲ್ಲಿ ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ," ಎಂದು ಹೇಳಿ ಹೋದರು.

ಬೇಟೆಯನ್ನು ಭಾನುವಾರಕ್ಕೆ ಗೊತ್ತು ಮಾಡಿದರು. ಭಾನುವಾರವಾದರೆ ಕೃಷ್ಣಪ್ಪನೂ ಬರಬಹುದು ಎಂಬುದೇ ಕಾರಣ.

ಕೃಷ್ಣಪ್ಪ ಆಯನೂರಿನವನೇ. ಆರು ವರ್ಷದ ಹಿಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿ, ಕುಲುಮೆಯ ಹತ್ತಿರ ಕೆಲಸ ಮಾಡುತ್ತ, ಹೆಂಡತಿ ಪುಷ್ಪಮ್ಮನ ಜೊತೆ ಕೆಲಸಗಾರರ ಸಾಲುಮನೆಯೊಂದರಲ್ಲಿ ಇದ್ದ. ಅವನ ತೋಟಾ ಕೋವಿ, ಅಂದರೆ ಅಂಗಡಿಯ ಕಾರ್ಟ್ರಿಜ್ ಹಾಕಿ ಹೊಡೆಯುವ ಕೋವಿ, ಊರಿನಲ್ಲಿ ಅಣ್ಣನ ಮನೆಯಲ್ಲಿತ್ತು. ರಜೆ ಸಿಕ್ಕ ದಿನ ರೈಲು ಹತ್ತಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಸಾಗರದ ಬಸ್ಸು ಹಿಡಿದು ಊರಿಗೆ ಬರುತ್ತಿದ್ದ. ಬೇಟೆಯ ಆಸೆಗಿಂತ ಹೆಚ್ಚಾಗಿ, ಒಂದು ದಿನವಾದರೂ ಬೆಂಕಿಯ ಮುಂದೆ ನಿಲ್ಲದೆ ಮರದ ಕೆಳಗೆ ಕೂರಬಹುದಲ್ಲ ಎಂಬ ಆಸೆ.

ಆ ಭಾನುವಾರ ಬಸ್ಸಿನಿಂದ ಇಳಿದವನ ಕಣ್ಣು ಕೆಂಪಗಿತ್ತು.

"ರಾತ್ರಿ ಪಾಳಿ ಮುಗಿಸಿ ಹಂಗೇ ಬಂದ್ಯಾ?" ಪುಟ್ಟಯ್ಯ ಕೇಳಿದ.

"ಹೌದಣ್ಣ. ರೈಲಲ್ಲಿ ಒಂಚೂರು ಕಣ್ಣು ಮುಚ್ಚಿದ್ದೆ. ಏನಾಗಲ್ಲ."

ಇವತ್ತು ನೀನು ಕೋವಿ ಹಿಡಿಯಬೇಡ, ಹಾಲಸ್ವಾಮಿಯವರು ಕಳಿಸಿದ ಗಾಡಿಯ ಹತ್ತಿರ ಮಲಗಿರು ಎಂಬ ಮಾತು ಪುಟ್ಟಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತು ಮೈಲಿ ಬಂದವನಿಗೆ ಎಲ್ಲರ ಎದುರಿಗೆ ಹಾಗೆ ಹೇಳುವುದು ಹೇಗೆ ಎಂದು ನುಂಗಿಕೊಂಡ. ತನ್ನ ಬಿಲ್ಲಿನಿಂದ ನಲವತ್ತು ಹೆಜ್ಜೆ ದೂರದಲ್ಲಿ, ಒಂದು ಹೊನ್ನೆಮರದ ಬುಡದಲ್ಲಿ ಅವನನ್ನು ಕೂರಿಸಿ, ಎಂದಿನ ಮಾತು ಹೇಳಿ, ತಾನು ಹೋಗಿ ತನ್ನ ಜಾಗದಲ್ಲಿ ಕೂತ. ಪುಟ್ಟಯ್ಯನದು ಹಳೆಯ ಕೇಪಿನ ಕೋವಿ. ಮದ್ದು ಜಡಿದು, ಮನೆಯಲ್ಲೇ ಸೀಸ ಕರಗಿಸಿ ಅಚ್ಚಿಗೆ ಹುಯ್ದು ಮಾಡಿದ ಒಂದೇ ಗುಂಡನ್ನು ಹಾಕಿದ್ದ.

ಆ ಕಡೆಯಿಂದ ಹಳುವಿನ ಕೂಗು ಎದ್ದಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಕೂಗು ಹತ್ತಿರವಾಗುತ್ತ ಬಂದಂತೆ ಕೃಷ್ಣಪ್ಪನ ತಲೆ ಎದೆಯ ಮೇಲೆ ಬಾಗಿತು. ಕೋವಿಯ ಕುದುರೆ ಎತ್ತಿಟ್ಟುಕೊಂಡೇ, ಬೆರಳು ತಾಕಿದರೆ ಸಾಕು ಎನ್ನುವ ಹಾಗೆ ಹಿಡಿದುಕೊಂಡೇ ಅವನಿಗೆ ಜೋಂಪು ಹತ್ತಿತು. ಅಷ್ಟರಲ್ಲಿ ಹಂದಿಯೊಂದು ಇಬ್ಬರ ನಡುವಿನಿಂದ ನುಗ್ಗಿತು. ಕೃಷ್ಣಪ್ಪ ಬೆಚ್ಚಿ ಎದ್ದು ಹೊಡೆದ. ಅದೇ ಗಳಿಗೆಯಲ್ಲಿ ಪುಟ್ಟಯ್ಯನಿಗೆ ಎದುರಿನ ಮೆಳೆಯಲ್ಲಿ ಕಪ್ಪಗೆ ಏನೋ ಸರಿದಂತಾಯಿತು, ಅವನೂ ಹೊಡೆದ. ಎರಡು ಸದ್ದೂ ಒಂದಕ್ಕೊಂದು ಅಂಟಿಕೊಂಡೇ ಹೋದವು. ಹಂದಿ ದಾಟಿ ಹೋಯಿತು. ಮೆಳೆಯೊಳಗಿನಿಂದ ಮನುಷ್ಯನ ಕೂಗು ಬಂತು.

ಬಿದ್ದಿದ್ದವನು ಹೊನ್ನಯ್ಯ. ಹಳು ನುಗ್ಗುವವರಲ್ಲಿ ಎಲ್ಲರಿಗಿಂತ ಮುಂದೆ ಬರುವವನು ಅವನೇ. ಅವತ್ತೂ ಹಾಗೇ ಬಂದಿದ್ದ. ಹೆಗಲ ಮೇಲೆ ಕರಿಯ ಕಂಬಳಿ. ಮಂಡಿಯ ಮೇಲ್ಗಡೆ ತೊಡೆ ಒಡೆದು ಪಂಚೆಯೆಲ್ಲ ನೆನೆದಿತ್ತು. ದೂರದ ಬಿಲ್ಲಿನಲ್ಲಿದ್ದವನೊಬ್ಬ ವಿಷಯ ತಿಳಿಯದೆ, ನಗುತ್ತಲೇ ಇಳಿದು ಬಂದು, "ಈಡು ಯಾರ್ದು?" ಎಂದು ಕೇಳಿದ.

"ನಂದು," ಎಂದ ಕೃಷ್ಣಪ್ಪ. ಕೋವಿಯನ್ನು ನೆಲಕ್ಕೆ ಹಾಕಿ ಕೂತುಬಿಟ್ಟ. "ನಿದ್ದೆ ಹತ್ತಿಬಿಟ್ಟಿತ್ತು ಪುಟ್ಟಯ್ಯಣ್ಣ. ಎಲ್ಲಿಗೆ ಹೊಡೆದೆ ಅಂತ ನಂಗೇ ಗೊತ್ತಿಲ್ಲ."

ಪುಟ್ಟಯ್ಯ ತಾನು ಹಂದಿಗೇ ಹೊಡೆದೆ ಎಂದುಕೊಂಡಿದ್ದ. ಹಾಗೆ ಅಂದುಕೊಂಡಿದ್ದನೋ, ಅಂದುಕೊಳ್ಳಬೇಕೆಂದು ಆ ಕ್ಷಣಕ್ಕೆ ಹಟ ಹಿಡಿದನೋ, ಆಮೇಲೆ ಎಷ್ಟು ಕೆದಕಿದರೂ ಅವನಿಗೆ ತಿಳಿಯಲಿಲ್ಲ. ಹೊನ್ನಯ್ಯನ ತೊಡೆಗೆ ತನ್ನ ಪೇಟ ಬಿಚ್ಚಿ ಬಿಗಿದು ಕಟ್ಟಿದ. ಹಾಲಸ್ವಾಮಿಯವರ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹೊನ್ನಯ್ಯ ಪುಟ್ಟಯ್ಯನ ಕೈ ಬಿಡಲಿಲ್ಲ.

ಪೊಲೀಸರು ಬಂದರು, ಬರೆದುಕೊಂಡರು. ಕೃಷ್ಣಪ್ಪ ತಾನೇ ಹೊಡೆದದ್ದು ಎಂದ. ಕೈ ತಪ್ಪಿ ಆದದ್ದು, ನನ್ನ ಫಿರ್ಯಾದು ಏನೂ ಇಲ್ಲ ಎಂದು ಹೊನ್ನಯ್ಯ ಹೆಬ್ಬೆಟ್ಟು ಒತ್ತಿದ. ಕೃಷ್ಣಪ್ಪನ ಲೈಸೆನ್ಸು ರದ್ದಾಯಿತು, ಕೋವಿ ಸರ್ಕಾರಕ್ಕೆ ಹೋಯಿತು. ಅಲ್ಲಿಗೆ ಕಾಗದದ ಮೇಲೆ ಅದು ಮುಗಿಯಿತು.

ಗಾಯ ಮಾತ್ರ ಮುಗಿಯಲಿಲ್ಲ. ಒಳಗೆ ಉಳಿದಿದ್ದ ಸೀಸ ಕೀವುಗಟ್ಟಿತು. ಮೂರನೆಯ ವಾರ ಡಾಕ್ಟರು ಮತ್ತೆ ಕೊಯ್ದು ಅದನ್ನು ತೆಗೆದರು. ಆ ದಿನ ಪುಟ್ಟಯ್ಯ ಗಂಜಿಯ ಚೊಂಬು ಹಿಡಿದು ವರಾಂಡದಲ್ಲಿ ಕೂತಿದ್ದ. ಕಾಂಪೌಂಡರ್ ಗಂಗಾಧರಪ್ಪ ಹತ್ತಿಯಲ್ಲಿ ಸುತ್ತಿದ್ದನ್ನು ತಂದು ಅವನ ಅಂಗೈಗೆ ಹಾಕಿದರು.

"ನೋಡಿ, ಇದೇ ಇಷ್ಟು ದಿನ ಕಾಡಿದ್ದು. ಒಂದೇ ಗುಂಡು."

"ಒಂದೇನಾ?"

"ಒಂದೇ. ಚರೆ ಗಿರೆ ಏನೂ ಇಲ್ಲ."

ಕೃಷ್ಣಪ್ಪನ ತೋಟಾದಲ್ಲಿ ಇರುವುದು ದಪ್ಪ ಚರೆ, ಹೊಡೆದರೆ ಎಂಟೊಂಬತ್ತು ಹರಡಿಕೊಂಡು ಹೋಗುತ್ತವೆ. ಅಂಗೈ ಮೇಲಿದ್ದದ್ದು ಒಂದು ಕಡೆ ಚಪ್ಪಟೆಯಾಗಿದ್ದ ಗುಂಡು. ಇನ್ನೊಂದು ಕಡೆ ಅಚ್ಚಿನ ಎರಡು ಹೋಳು ಕೂಡುವಲ್ಲಿ ಏಳುವ ಗೆರೆ ಹಾಗೇ ಇತ್ತು. ಪುಟ್ಟಯ್ಯನ ಅಚ್ಚು ಸವೆದದ್ದು, ಅದರ ಗೆರೆ ನಡುವಿನಲ್ಲಿ ಬರುವುದಿಲ್ಲ, ಒಂದು ಮಗ್ಗುಲಿಗೆ ಬರುತ್ತದೆ. ಅವನು ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದ. ಕಣ್ಣಿನಲ್ಲಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಕಣ್ಣು ಹಿಂದಿನ ಮಳೆಗಾಲದಿಂದಲೇ ಮಂಜಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಗುಂಡನ್ನು ಎಲೆ ಅಡಿಕೆಯ ಚೀಲಕ್ಕೆ ಹಾಕಿಕೊಂಡು ಎದ್ದ. ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೃಷ್ಣಪ್ಪ ನಿಂತಿದ್ದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

"ಒಳಗೆ ಹೋಗ್ಲಿಲ್ವಾ?"

"ಹೋಗಿದ್ದೆ. ಕರಿಯಮ್ಮ ಬೈದು ಕಳಿಸಿದ್ಲು. ಅವಳ ಗಂಡನ ಕಾಲು, ಬೈಯಲಿ ಬಿಡಿ. ಇದನ್ನ ನೀವು ಕೊಟ್ಬಿಡ್ತೀರಾ ಅಣ್ಣ? ನಾನು ಕೊಟ್ಟಿದ್ದು ಅಂತ ಹೇಳ್ಬೇಡಿ."

ಪುಟ್ಟಯ್ಯ ಹಣ್ಣು ಇಸಿದುಕೊಂಡ. ಕೃಷ್ಣಪ್ಪ ರೈಲಿಗೆ ಹೊತ್ತಾಯಿತೆಂದು ಹೋದ. ಹೇಳಬೇಕಾಗಿದ್ದ ಮಾತನ್ನು ಆವತ್ತು ಪುಟ್ಟಯ್ಯ ಹೇಳಲಿಲ್ಲ. ಹಣ್ಣನ್ನು ಕರಿಯಮ್ಮನ ಕೈಗೆ ಕೊಟ್ಟಾಗ ಅವಳು, "ನೀವೊಬ್ರು ಇರೋದಕ್ಕೆ ನಾವು ಬದುಕಿದ್ವಿ," ಎಂದಳು.

ಹನ್ನೊಂದು ದಿನ ಹಾಗೇ ಕಳೆದವು. ಹೊಲಕ್ಕೆ ಹೋದ, ಬಂದ, ಉಂಡ. ಯಾರೋ ಬಂದು ಕಂಚಿನಕೊಪ್ಪದ ಕಡೆ ಹಂದಿ ಇವೆ, ಬಿಲ್ಲು ನೋಡಿಕೊಡಿ ಎಂದು ಕರೆದರು. ಸೊಂಟ ನೋವು ಎಂದು ಹೇಳಿ ಕಳಿಸಿದ. ಹನ್ನೆರಡನೆಯ ದಿನ ಬೆಳಗ್ಗೆ ಎದ್ದು, ಯಾರಿಗೂ ಹೇಳದೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಭದ್ರಾವತಿಯ ರೈಲು ಹಿಡಿದ.

ಸಾಲುಮನೆಗಳೆಲ್ಲ ಒಂದೇ ಥರ ಇದ್ದವು. ಒಂದರಲ್ಲಿ ತಮಿಳು ಮಾತು, ಒಂದರಲ್ಲಿ ತೆಲುಗು. ಮೂರು ಮನೆ ತಪ್ಪಿ ನಾಲ್ಕನೆಯ ಬಾಗಿಲಲ್ಲಿ ಪುಷ್ಪಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳು ಎದ್ದು ಕಾಲಿಗೆ ನೀರು ಕೊಟ್ಟಳು. ಕೃಷ್ಣಪ್ಪ ಪಾಳಿ ಮುಗಿಸಿ ಬಂದು ಗೋಡೆಗೆ ಒರಗಿ ಕೂತಿದ್ದ. ಮೊಣಕೈವರೆಗೆ ಮಸಿ ಇನ್ನೂ ಹೋಗಿರಲಿಲ್ಲ.

ಪುಟ್ಟಯ್ಯ ಚೀಲ ಬಿಚ್ಚಿ ಗುಂಡನ್ನು ಚಾಪೆಯ ಮೇಲಿಟ್ಟ.

"ಹೊನ್ನಯ್ಯನ ಕಾಲಿಂದ ತೆಗೆದಿದ್ದು. ಇದು ನಿಂದಲ್ಲ ಕೃಷ್ಣಪ್ಪ. ನಂದು."

ಕೃಷ್ಣಪ್ಪ ಅದನ್ನು ಮುಟ್ಟಲಿಲ್ಲ. ಬಾಗಿ ನೋಡಿದ.

"ಯಾವಾಗ ತೆಗೆದ್ರು?"

"ನೀನು ಹಣ್ಣು ತಂದಿದ್ದೆಯಲ್ಲ, ಆವತ್ತು."

"ಆವತ್ತು ನಿಮ್ಮ ಹತ್ರ ಇತ್ತಾ?"

"ಇತ್ತು."

ಒಳಗಿನಿಂದ ಪುಷ್ಪಮ್ಮ ಬಂದಳು. ಅವಳು ಧ್ವನಿ ಎತ್ತಲಿಲ್ಲ. "ಒಂದು ತಿಂಗಳ ಮೇಲಾಯ್ತು ಇವರು ಸರಿಯಾಗಿ ಊಟ ಮಾಡಿ. ಮಲಗಿದ್ರೆ ಬೆಚ್ಚಿ ಏಳ್ತಾರೆ. ಕುಲುಮೆ ಮುಂದೆ ನಿಂತು ಕೆಲಸ ಮಾಡೋ ಮನುಷ್ಯ, ನಿದ್ದೆ ಇಲ್ದೆ ಅಲ್ಲಿ ಕಾಲು ಜಾರಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ರಾ? ನಿಮ್ಮನ್ನ ಇವರು ದೊಡ್ಡಣ್ಣ ಅಂತಿದ್ರು. ಹನ್ನೆರಡು ದಿನ ಚೀಲದಲ್ಲಿ ಇಟ್ಕೊಂಡು ಓಡಾಡಿದ್ರಲ್ಲ."

"ತಪ್ಪಾಯ್ತಮ್ಮ," ಎಂದ ಪುಟ್ಟಯ್ಯ.

"ಸುಮ್ನಿರು," ಎಂದು ಕೃಷ್ಣಪ್ಪ ಹೆಂಡತಿಗೆ ಹೇಳಿದ. ಆಮೇಲೆ ಪುಟ್ಟಯ್ಯನ ಕಡೆ ತಿರುಗಿ, "ನಂಗೆ ಹಗುರ ಆಗ್ಬೇಕಿತ್ತು, ಆಗ್ತಿಲ್ಲ ಅಣ್ಣ. ನಾನು ನಿದ್ದೆ ಮಾಡಿದ್ದು ಸುಳ್ಳಲ್ಲ. ನನ್ನ ಚರೆ ಎಲ್ಲಿಗೋ ಹೋಯ್ತು, ಯಾರಿಗೂ ತಾಗ್ಲಿಲ್ಲ ಅಷ್ಟೇ. ತಾಗಿದ್ರೂ ತಾಗ್ತಿತ್ತು," ಎಂದ. "ಇನ್ನೊಂದು ಮಾತು. ನಿಮ್ಮ ಕಣ್ಣು ಮಂಜಾಗಿರೋದು ನಂಗೆ ಗೊತ್ತಿತ್ತು. ಆವತ್ತು ಬಿಲ್ಲಿಗೆ ಕೂರಿಸೋಕೆ ಕರ್ಕೊಂಡು ಹೋಗುವಾಗ ನೀವು ಬೇರು ತಡವಿ ತಡವಿ ಕಾಲಿಡ್ತಿದ್ರಿ. ಹಿರೇರು, ಹೆಂಗೆ ಹೇಳೋದು ಅಂತ ಸುಮ್ನಾದೆ."

"ನಾನೂ ನಿನ್ನ ಕಣ್ಣು ನೋಡಿ ಸುಮ್ನಾದೆ."

ಕಾರ್ಖಾನೆಯ ಸೈರನ್ ಕೂಗಿತು. ಪುಷ್ಪಮ್ಮ ಎರಡು ತಟ್ಟೆ ಹಾಕಿದಳು. ಬಡಿಸಿದಳು, ಆದರೆ ಇನ್ನೂ ಸ್ವಲ್ಪ ಹಾಕಿಕೊಳ್ಳಿ ಎಂದು ಒಂದು ಸಲವೂ ಹೇಳಲಿಲ್ಲ. ಪುಟ್ಟಯ್ಯ ಹಾಕಿದಷ್ಟನ್ನು ಉಂಡು ಎದ್ದ. ಸ್ಟೇಷನ್ನಿನವರೆಗೆ ಕೃಷ್ಣಪ್ಪ ಜೊತೆಗೆ ಬಂದ. ರೈಲು ಹೊರಡುವಾಗ, "ಹೊನ್ನಯ್ಯಂಗೆ ಹೇಳಿ. ನಂಗೆ ಹೇಳಿದ್ದು ಸಾಲ್ದು," ಎಂದ.

ಹೊನ್ನಯ್ಯ ಅಷ್ಟು ಹೊತ್ತಿಗೆ ಮನೆಗೆ ಬಂದಿದ್ದ. ಕಾಲು ಉಳಿದಿತ್ತು, ಆದರೆ ಮಂಡಿ ಮಡಚುತ್ತಿರಲಿಲ್ಲ. ಮಾರನೆಯ ದಿನ ಪುಟ್ಟಯ್ಯ ಹೋದಾಗ ಅವನು ಅಂಗಳದ ಬಿಸಿಲಿಗೆ ಕಾಲು ಚಾಚಿ ಹಗ್ಗ ಹೊಸೆಯುತ್ತಿದ್ದ. ಪುಟ್ಟಯ್ಯ ನಿಂತುಕೊಂಡೇ ಹೇಳಿದ. ಭದ್ರಾವತಿಗೆ ಹೋಗಿದ್ದನ್ನೂ, ಹನ್ನೆರಡು ದಿನ ಮುಚ್ಚಿಟ್ಟಿದ್ದನ್ನೂ ಬಿಡದೆ ಹೇಳಿದ.

ಹೊನ್ನಯ್ಯನ ಕೈ ನಿಂತಿತು.

"ಯಾಕೆ ಹೇಳಿದ್ರಿ?"

"ಹೇಳ್ದೆ ಇರೋಕೆ ಆಗ್ಲಿಲ್ಲ ಹೊನ್ನಯ್ಯ."

"ನಿಮಗೆ ಆಗ್ಲಿಲ್ಲ. ನಂಗೇನಾಯ್ತು?" ಅವನ ಮಾತು ನಿಧಾನವಾಗಿತ್ತು, ಬಹಳ ದೂರ ನಡೆದು ಬಂದವನ ಹಾಗೆ. "ಕೃಷ್ಣಪ್ಪನ ಮೇಲೆ ಸಿಟ್ಟು ಇಟ್ಕೊಳ್ಳೋದು ಸುಲಭ ಇತ್ತು. ಅವನು ದೂರ ಇದಾನೆ, ಕಣ್ಣಿಗೆ ಬೀಳಲ್ಲ. ಗಾಡೀಲಿ ಬರುವಾಗ ನಿಮ್ಮ ಕೈ ಹಿಡ್ಕೊಂಡಿದ್ದೆ ನಾನು. ಆ ಕೈ ಇಲ್ದಿದ್ರೆ ದಾರೀಲೇ ಸಾಯ್ತಿದ್ದೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಈಗ ಅದೇ ಕೈ ಅಂತೀರಿ."

ಪುಟ್ಟಯ್ಯ ತಲೆ ತಗ್ಗಿಸಿದ.

"ಅಲ್ಲಾಡಿದ್ದಕ್ಕೆ ಹೊಡೀಬೇಡ ಅಂತ ನೀವು ಹೇಳೋದು ಕೇಳಿಸ್ಕೊಂಡೇ ನಾವು ಧೈರ್ಯವಾಗಿ ಕೋವಿ ಮುಂದೆ ನಡೀತಿದ್ವಿ ಪುಟ್ಟಯ್ಯಣ್ಣ. ಬೇರೆ ಯಾರಿದ್ರೂ ನಾನು ಅಷ್ಟು ಮುಂದೆ ಬರ್ತಿರ್ಲಿಲ್ಲ." ಅವನು ಮತ್ತೆ ಹಗ್ಗ ಎತ್ತಿಕೊಂಡ. "ಹೋಗಿ. ಸ್ವಲ್ಪ ದಿನ ಈ ಕಡೆ ಬರ್ಬೇಡಿ."

ಆ ವಾರವೇ ಪುಟ್ಟಯ್ಯ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ ಹೋದ. ಠಾಣೆಯಲ್ಲಿ ನಡೆದದ್ದನ್ನು ಹೇಳಿದ. ಅಲ್ಲಿದ್ದ ವಯಸ್ಸಾದ ರೈಟರು ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಂದೇ ಕಾಲಿಗೆ ಎರಡು ಸಲ ಬರೀಬೇಕಲ್ಲಪ್ಪ," ಎಂದರು. ಆದರೂ ಬರೆದರು. ಅಮಲ್ದಾರರ ಮುಂದೆ ಎರಡು ಸಲ ಹೋಗಿ ಬರಬೇಕಾಯಿತು. ಹೊನ್ನಯ್ಯನನ್ನು ಮತ್ತೆ ಕೇಳಿದಾಗ, ಫಿರ್ಯಾದು ಇಲ್ಲ ಎಂದು ಮೊದಲೇ ಹೇಳಿದ್ದೇನಲ್ಲ ಎಂದನಂತೆ. ಪುಟ್ಟಯ್ಯನ ಕೋವಿಯೂ ಲೈಸೆನ್ಸೂ ಹೋದವು. ಕೃಷ್ಣಪ್ಪನಿಗೆ ಕೋವಿ ವಾಪಸು ತೆಗೆದುಕೊಳ್ಳಬಹುದೆಂದು ಕಾಗದ ಬಂತು. ಅವನು ತೆಗೆದುಕೊಳ್ಳಲಿಲ್ಲ. ಬೇಟೆಗೂ ಮತ್ತೆ ಬರಲಿಲ್ಲ.

ಊರಿನವರು ಪುಟ್ಟಯ್ಯನಿಗೆ ಎದುರಿಗೆ ಏನೂ ಹೇಳಲಿಲ್ಲ. ಬಿಲ್ಲು ನೋಡಲು ಕರೆಯುವುದನ್ನು ಮಾತ್ರ ಬಿಟ್ಟರು.

ಮುಂಗಾರು ಬಂತು. ಹೊನ್ನಯ್ಯನಿಗೆ ಇದ್ದದ್ದು ಮುಕ್ಕಾಲು ಎಕರೆ ಗದ್ದೆ. ಮಡಚದ ಕಾಲಿನಲ್ಲಿ ಕೆಸರಿಗಿಳಿದು ನೇಗಿಲ ಹಿಂದೆ ನಡೆಯುವುದು ಆಗದ ಮಾತು. ಒಂದು ಬೆಳಗ್ಗೆ ಪುಟ್ಟಯ್ಯ ತನ್ನ ಎತ್ತುಗಳನ್ನು ಹೊಡೆದುಕೊಂಡು ಹೋಗಿ, ಯಾರನ್ನೂ ಕೇಳದೆ ಆ ಗದ್ದೆಗೆ ನೇಗಿಲು ಇಳಿಸಿದ. ಕರಿಯಮ್ಮ ದೂರದಿಂದ ನೋಡಿದಳು, ಬೇಡ ಎನ್ನಲಿಲ್ಲ. ಮಧ್ಯಾಹ್ನ ಬದುವಿನ ಮೇಲೆ ಮುದ್ದೆ ಸಾರು ಇಟ್ಟು ಹೋದಳು. ನಾಟಿಯವರೆಗೆ ಹಾಗೇ ನಡೆಯಿತು. ಮುಂದಿನ ವರ್ಷವೂ ನಡೆಯಿತು. ಹೊನ್ನಯ್ಯ ಗದ್ದೆಯ ಕಡೆ ಬರಲೇ ಇಲ್ಲ. ಪುಟ್ಟಯ್ಯನಿಗೆ ಅರವತ್ತು ದಾಟಿತ್ತು. ತನ್ನ ಗದ್ದೆ ಮುಗಿಸಿ ಇನ್ನೊಬ್ಬರ ಗದ್ದೆಗೆ ಬರುವಾಗ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಇದು ಇಷ್ಟು ವರ್ಷಕ್ಕೆ ತೀರುತ್ತದೆ ಎಂದು ಅವನು ಯಾವ ಲೆಕ್ಕವನ್ನೂ ಇಟ್ಟುಕೊಂಡಿರಲಿಲ್ಲ. ಬೆಳಗಾದರೆ ಎತ್ತು ಕಟ್ಟುವುದು, ಹೊರಡುವುದು.

ಮೂರನೆಯ ಮುಂಗಾರಿನಲ್ಲಿ, ಒಂದು ಸಂಜೆ, ಕೆಲಸ ಮುಗಿಸಿ ನೊಗ ಬಿಚ್ಚಲು ಬಾಗಿದವನಿಗೆ ಬದುವಿನ ಮೇಲಿಂದ ಮಾತು ಕೇಳಿಸಿತು.

"ಆ ಮೂಲೆ ಬಿಟ್ಟೋಯ್ತು."

ಹೊನ್ನಯ್ಯ ಊರುಗೋಲು ಊರಿಕೊಂಡು ನಿಂತಿದ್ದ. ಪುಟ್ಟಯ್ಯ ಸೊಂಟ ನೆಟ್ಟಗೆ ಮಾಡಿದ.

"ಎತ್ತು ಸೋತಿದಾವೆ ಹೊನ್ನಯ್ಯ. ನಾಳೆ ಬಂದು ಹೊಡೀತೀನಿ."

"ನಾಳೆ ಮಳೆ ಜೋರಾದ್ರೆ ಅಲ್ಲಿ ನೀರು ನಿಲ್ಲುತ್ತೆ. ಆಮೇಲೆ ನೇಗಿಲು ಇಳಿಯಲ್ಲ."

ಪುಟ್ಟಯ್ಯ ಆಕಾಶ ನೋಡಿದ. ಹೊನ್ನಯ್ಯ ಹೇಳಿದ್ದು ಸರಿಯಾಗಿತ್ತು. ಅರ್ಧ ಬಿಚ್ಚಿದ್ದ ನೊಗದ ಮಿಣಿಯನ್ನು ಮತ್ತೆ ಬಿಗಿದು ಎತ್ತುಗಳನ್ನು ತಿರುಗಿಸಿದ. ಹೊನ್ನಯ್ಯ ಕೋಲನ್ನು ಪಕ್ಕಕ್ಕಿಟ್ಟು, ಕಾಲು ಚಾಚಿಕೊಂಡು ಬದುವಿನ ಮೇಲೆ ಕೂತ. ಆ ಮೂಲೆ ಮುಗಿಯುವವರೆಗೂ ಅವನು ಅಲ್ಲೇ ಕೂತಿದ್ದ.